ಬೀಗಿತ್ತಿಯ ನೋಟ್‌ಬುಕ್: ಅಟ್ಲಾಂಟಾದ ಬಾಣಂತನಕ್ಕೆ ಹೊರಟವರಿಗೆ

ಮೆಂತ್ಯದ ಹಿಟ್ಟು, ಅಂಟು, ಒಣಕೊಬ್ಬರಿ, ಓಮ, ಹಳೆಯ ಪಂಚೆ ಹರಿದು ಮಡಚಿದ ಮೆತ್ತನೆಯ ಬಟ್ಟೆಗಳು. ಸೊಸೆಯ ಬಾಣಂತನಕ್ಕೆಂದು ಮೈಸೂರಿನಿಂದ ಅಟ್ಲಾಂಟಾಕ್ಕೆ ನಾನು ಹೊತ್ತೊಯ್ದ ಪೆಟ್ಟಿಗೆಯಲ್ಲಿದ್ದದ್ದು ಇವು. ಸೊಸೆಯ ತಾಯಿ ಎರಡೇ ವಸ್ತು ಹಿಡಿದು ಬಂದರು: ಒಂದು ಬಿಪಿ ಯಂತ್ರ, ಒಂದು ಸುರುಳಿ ತಂತಿಯ ನೋಟ್‌ಬುಕ್. 'ಅಡುಗೆಮನೆ ನಿಮ್ಮದು, ಆಸ್ಪತ್ರೆ ನನ್ನದು' ಎಂದರು. ಆಸ್ಪತ್ರೆ ನೋಡಿಕೊಳ್ಳಲು ವೈದ್ಯರಿರುವಾಗ ಈಕೆಗೇನು ಕೆಲಸ ಎಂದು ನನಗೆ ಒಳಗೊಳಗೇ ನಗು ಬಂದಿತ್ತು.

ನನ್ನ ಸೊಸೆ ಕಪ್ಪು ಅಮೆರಿಕನ್. ಜಾರ್ಜಿಯಾದಲ್ಲೇ ಹುಟ್ಟಿ ಬೆಳೆದವಳು, ಕಾಲೇಜಿನಲ್ಲಿ ಗಣಿತ ಕಲಿಸುತ್ತಾಳೆ, ಒಳ್ಳೆಯ ವಿಮೆ ಇದೆ. ಇಷ್ಟೆಲ್ಲ ಇದ್ದವಳಿಗೆ ಏನು ಭಯ ಎಂದು ಕೇಳಿದಾಗ ಬೀಗಿತ್ತಿ ಉತ್ತರ ಕೊಡಲಿಲ್ಲ, ಅಂಕಿ ತೋರಿಸಿದರು. 2023ರಲ್ಲಿ ಅಮೆರಿಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ಸತ್ತ ಬಿಳಿಯ ತಾಯಂದಿರು 14.5, ಕಪ್ಪು ತಾಯಂದಿರು 50.3. ಓದು ಈ ಅಂತರವನ್ನು ಮುಚ್ಚುವುದಿಲ್ಲ. ಪದವಿ ಪಡೆದ ಕಪ್ಪು ಮಹಿಳೆಯರು ಹೆರಿಗೆಯ ಸುತ್ತಮುತ್ತಲ ಕಾರಣಗಳಿಂದ ಸಾಯುವ ಪ್ರಮಾಣ ಅಷ್ಟೇ ಓದಿದ ಬಿಳಿಯರಿಗಿಂತ ಐದು ಪಟ್ಟು ಹೆಚ್ಚು ಎಂದು 2019ರಲ್ಲಿ ಆ ದೇಶದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯೇ ಪ್ರಕಟಿಸಿತು. ಅದೇ ಸಿಡಿಸಿಯಲ್ಲಿ ಸಂಶೋಧಕಿಯಾಗಿದ್ದ ಶಾಲನ್ ಅರ್ವಿಂಗ್ 2017ರ ಜನವರಿಯಲ್ಲಿ, ಮಗು ಹುಟ್ಟಿ ಮೂರು ವಾರಕ್ಕೆ, ರಕ್ತದೊತ್ತಡದ ತೊಡಕಿನಿಂದ ತೀರಿಕೊಂಡರು. ಜನರ ಆರೋಗ್ಯದಲ್ಲಿ ಏಕೆ ಇಷ್ಟು ಏರುಪೇರು ಎಂಬುದೇ ಅವರ ಅಧ್ಯಯನದ ವಿಷಯವಾಗಿತ್ತು.

ಕಪ್ಪು ಸೊಸೆಯೋ ಗೆಳತಿಯೋ ಸಹೋದ್ಯೋಗಿಯೋ ಇರುವ ಕನ್ನಡಿಗರು ಈಗ ಕಡಿಮೆಯಿಲ್ಲ. ಅವರ ಪಕ್ಕದ ಕುರ್ಚಿಯಲ್ಲಿ ಕೂರಲು ಹೊರಟವರಿಗಾಗಿ, ಬೀಗಿತ್ತಿ ನನಗೆ ಕಲಿಸಿದ್ದನ್ನು ಕ್ರಮವಾಗಿ ಬರೆಯುತ್ತಿದ್ದೇನೆ. ಔಷಧದ ವಿಷಯ ಬಂದಲ್ಲೆಲ್ಲ ಕೊನೆಯ ಮಾತು ವೈದ್ಯರದು. ಅವರ ಬಾಯಿಂದ ಆ ಮಾತು ಹೊರಡಿಸುವುದು ಹೇಗೆ ಎಂಬುದಷ್ಟೇ ಇಲ್ಲಿದೆ.

ಹೊರಡುವ ಮೊದಲು: ಅಪನಂಬಿಕೆಯ ಬೇರು

'ಕಪ್ಪು ಜನರಿಗೆ ವೈದ್ಯರೆಂದರೆ ಅನುಮಾನ' ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಅಟ್ಲಾಂಟಾದಿಂದ ಎರಡೂವರೆ ಗಂಟೆ ಕಾರಿನಲ್ಲಿ ಹೋದರೆ ಅಲಬಾಮಾದ ಮಾಂಟ್ಗೊಮರಿ ಸಿಗುತ್ತದೆ. 1840ರ ದಶಕದಲ್ಲಿ ಜೆ. ಮೇರಿಯನ್ ಸಿಮ್ಸ್ ಎಂಬ ವೈದ್ಯ ಅಲ್ಲಿ ಗುಲಾಮ ಹೆಂಗಸರ ಮೇಲೆ ಅರಿವಳಿಕೆ ಇಲ್ಲದೆ ಶಸ್ತ್ರಚಿಕಿತ್ಸೆಯ ಪ್ರಯೋಗ ಮಾಡಿದ. ಅನಾರ್ಕಾ ಎಂಬ ಒಬ್ಬಳ ಮೇಲೆಯೇ 30 ಬಾರಿ. ಅವನನ್ನು ಸ್ತ್ರೀರೋಗ ಶಾಸ್ತ್ರದ ಪಿತಾಮಹ ಎಂದು ಕರೆದರು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಅಂಚಿನಲ್ಲಿದ್ದ ಅವನ ಪ್ರತಿಮೆ ಕೆಳಗಿಳಿದದ್ದು 2018ರಲ್ಲಿ. ಮಾಂಟ್ಗೊಮರಿಯಲ್ಲಿ ಈಗ ಆ ಪ್ರಯೋಗಕ್ಕೆ ಸಿಕ್ಕ ಅನಾರ್ಕಾ, ಲೂಸಿ, ಬೆಟ್ಸಿ ಮೂವರ ಎತ್ತರದ ಲೋಹದ ಪ್ರತಿಮೆಗಳಿವೆ. ಬೀಗಿತ್ತಿ ನನ್ನನ್ನು ಅಲ್ಲಿಗೆ ಕರೆದೊಯ್ದರು. ಬಸುರಿ ಸೊಸೆ ಕಾರಿನಿಂದ ಇಳಿಯಲಿಲ್ಲ.

ಇದನ್ನು ತಿಳಿದುಕೊಂಡು ಹೋಗಿ. 'ಡಾಕ್ಟರು ಹೇಳಿದ ಮೇಲೆ ಮುಗಿಯಿತು' ಎಂಬ ನಮ್ಮ ಅಭ್ಯಾಸದ ಮಾತು ಆ ಮನೆಯಲ್ಲಿ ಹೇಗೆ ಕೇಳಿಸುತ್ತದೆ ಎಂದು ಆಗ ಅರ್ಥವಾಗುತ್ತದೆ.

ನೋಟ್‌ಬುಕ್ ಹೀಗಿರಲಿ

ಮೊಬೈಲಿನಲ್ಲಿ ಬರೆದರಾಗದೇ ಎಂದು ಮಗ ಕೇಳಿದ. ಬೀಗಿತ್ತಿ ಒಪ್ಪಲಿಲ್ಲ. ಮೊಬೈಲ್ ನೋಡುತ್ತಿದ್ದರೆ ಹೊತ್ತು ಕಳೆಯುತ್ತಿದ್ದಾರೆ ಎಂದುಕೊಳ್ಳುತ್ತಾರೆ, ಪೆನ್ನು ತೆರೆದರೆ ಎದುರಿನವರು ಒಂದು ಕ್ಷಣ ನಿಂತು ಮಾತನಾಡುತ್ತಾರೆ ಎಂಬುದು ಅವರ ಲೆಕ್ಕ. ಮೂವತ್ತು ವರ್ಷ ಪಾಠ ಮಾಡಿದ ನನಗೆ ಇದು ಚೆನ್ನಾಗಿ ಗೊತ್ತು. ತನಿಖೆಗೆ ಬಂದ ಇನ್‌ಸ್ಪೆಕ್ಟರು ಪೆನ್ನು ತೆಗೆದರೆ ನಮ್ಮ ಧ್ವನಿಯೂ ಬದಲಾಗುತ್ತಿತ್ತು.

ಮೊದಲ ಪುಟದಲ್ಲಿ ಆಕೆಯ ಕಾಯಿಲೆಗಳ ಚರಿತ್ರೆ, ಈಗ ತೆಗೆದುಕೊಳ್ಳುವ ಮಾತ್ರೆ, ಒಗ್ಗದ ಔಷಧ, ತಾಯಿ ಅಥವಾ ಅಕ್ಕತಂಗಿಯರಿಗೆ ಬಸುರಿನಲ್ಲಿ ಬಿಪಿ ಏರಿತ್ತೇ, ಯಾರಿಗಾದರೂ ರಕ್ತ ಹೆಪ್ಪುಗಟ್ಟಿತ್ತೇ ಎಂಬ ವಿವರ. ಎರಡನೆಯ ಪುಟದಿಂದ ದಿನಚರಿ: ತಾರೀಖು, ಗಂಟೆ, ಏನಾಯಿತು, ಯಾರಿಗೆ ಹೇಳಿದೆವು, ಅವರು ಏನೆಂದರು. ಹೆಸರನ್ನು ಕೇಳಿಯೇ ಬರೆಯಬೇಕು, ಅಕ್ಷರ ತಪ್ಪಬಾರದು.

ಟೆನಿಸ್ ಆಟಗಾರ್ತಿ ಸೆರೆನಾ ವಿಲಿಯಮ್ಸ್ ಕಥೆ ಆ ಮೊದಲ ಪುಟದ ಬೆಲೆ ಹೇಳುತ್ತದೆ. 2011ರಲ್ಲೇ ಅವರ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತು. 2017ರಲ್ಲಿ ಸಿಸೇರಿಯನ್ ಆದ ಮಾರನೆಯ ದಿನ ಉಸಿರು ಸಿಕ್ಕಿಹಾಕಿಕೊಂಡಾಗ ತನಗೆ ಸಿಟಿ ಸ್ಕ್ಯಾನ್ ಬೇಕು, ರಕ್ತ ತೆಳುವಾಗಿಸುವ ಹೆಪಾರಿನ್ ಬೇಕು ಎಂದು ತಾವೇ ಹೇಳಿದರು. ನೋವಿನ ಔಷಧದ ಮಂಪರಿನಲ್ಲಿ ಏನೋ ಹೇಳುತ್ತಿದ್ದಾರೆ ಎಂದು ನರ್ಸ್ ಅಂದುಕೊಂಡರು. ಮೊದಲು ಕಾಲಿನ ಸ್ಕ್ಯಾನ್ ಮಾಡಿದರು, ಏನೂ ಕಾಣಲಿಲ್ಲ. ಕೊನೆಗೆ ಸಿಟಿ ಮಾಡಿದಾಗ ಶ್ವಾಸಕೋಶದಲ್ಲಿ ಹೆಪ್ಪುಗಳು ಸಿಕ್ಕವು. ಜಗತ್ತೇ ಗುರುತಿಸುವ ಹೆಂಗಸಿಗೆ ಹೀಗಾದರೆ ಗಣಿತದ ಮೇಷ್ಟರ ಪಾಡೇನು?

ಬಸುರಿನಲ್ಲಿ ಕೇಳಬೇಕಾದದ್ದು

ಮೊದಲ ಪ್ರಶ್ನೆ ಆಸ್ಪಿರಿನ್. ಬಸುರಿನಲ್ಲಿ ಬಿಪಿ ಏರಿ ಮೂತ್ರಪಿಂಡ, ಯಕೃತ್ತು, ಮಿದುಳಿಗೆ ಪೆಟ್ಟು ಕೊಡುವ ಪ್ರಿಎಕ್ಲಾಂಪ್ಸಿಯಾ ತಡೆಯಲು ಅಪಾಯ ಹೆಚ್ಚಿರುವವರಿಗೆ 12ನೆಯ ವಾರದ ನಂತರ ದಿನಕ್ಕೆ 81 ಮಿಲಿಗ್ರಾಂ ಆಸ್ಪಿರಿನ್ ಕೊಡುವುದು ಅಲ್ಲಿಯ ಶಿಫಾರಸು. 16ನೆಯ ವಾರದೊಳಗೆ ಆರಂಭಿಸಿದರೆ ಒಳ್ಳೆಯದು. ಮಧ್ಯಮ ಅಪಾಯದ ಪಟ್ಟಿಯಲ್ಲಿ ಎರಡು ಅಂಶ ಕೂಡಿದರೂ ಸಾಕು. ಚೊಚ್ಚಲು ಬಸುರು ಒಂದು ಅಂಶ, 35 ದಾಟಿದ ವಯಸ್ಸು ಒಂದು, ಕಪ್ಪು ಮಹಿಳೆಯಾಗಿರುವುದೂ ಒಂದು. ಈ ಕೊನೆಯದು ದೇಹದ ಗುಣದಿಂದ ಬಂದದ್ದಲ್ಲ, ಸಮಾಜ ನಡೆಸಿಕೊಳ್ಳುವ ರೀತಿಯಿಂದ ಬಂದದ್ದು ಎಂದು ಆ ಶಿಫಾರಸಿನಲ್ಲೇ ಬರೆದಿದೆ. ಹಾಗಾಗಿ 'ನನಗೆ ಆಸ್ಪಿರಿನ್ ಬೇಕೇ? ಬೇಡವಾದರೆ ಏಕೆ?' ಎಂದು ಮೊದಲ ಭೇಟಿಯಲ್ಲೇ ಕೇಳಲಿ. ತಾನಾಗಿ ನುಂಗಬಾರದು.

ಎರಡನೆಯ ಪ್ರಶ್ನೆ ನಮ್ಮ ಮನೆಗೆ ವಿಶೇಷವಾಗಿ ಸೇರಿದ್ದು. ಅಮೆರಿಕದಲ್ಲಿ ಹುಟ್ಟುವ 13 ಕಪ್ಪು ಮಕ್ಕಳಲ್ಲಿ ಒಂದು ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಯ ವಾಹಕ, ಎಂದರೆ ತನಗೆ ಕಾಯಿಲೆಯಿಲ್ಲದೆಯೂ ಅದನ್ನು ಮಕ್ಕಳಿಗೆ ದಾಟಿಸಬಲ್ಲದು. ಭಾರತದಲ್ಲಿ ಅಂಥದ್ದೇ ಇನ್ನೊಂದು ರಕ್ತದ ಕಾಯಿಲೆಯಾದ ಬೀಟಾ ಥಲಸ್ಸೀಮಿಯಾದ ವಾಹಕರು ಬೇಕಾದಷ್ಟಿದ್ದಾರೆ, ಬಹಳ ಮಂದಿಗೆ ಗೊತ್ತೇ ಇರುವುದಿಲ್ಲ. ತಾಯಿ ಒಂದರ ವಾಹಕಿ, ತಂದೆ ಇನ್ನೊಂದರ ವಾಹಕನಾದರೆ ಮಗುವಿಗೆ ಎರಡೂ ಬಂದು ಕಾಯಿಲೆಯಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. 'ನಮ್ಮ ವಂಶದಲ್ಲಿ ಅಂಥದ್ದೇನೂ ಇಲ್ಲ' ಎಂದು ನಾನು ಸೆಟೆದು ನಿಂತೆ. ಮಗ ರಕ್ತ ಕೊಟ್ಟು ಬಂದ. ಏನೂ ಇರಲಿಲ್ಲ ನಿಜ, ಆದರೆ ನನ್ನ ಮಾತಿಗೂ ಅದಕ್ಕೂ ಸಂಬಂಧವಿರಲಿಲ್ಲ.

ಹೆರಿಗೆಯ ದಿನ ಯಾರು ಇರುತ್ತಾರೆ, ರಕ್ತಸ್ರಾವವನ್ನು ಅಂದಾಜಿನಲ್ಲಿ ನೋಡುತ್ತಾರೋ ತೂಕ ಮಾಡಿ ಅಳೆಯುತ್ತಾರೋ ಎಂಬುದನ್ನೂ ಕೇಳಿಟ್ಟುಕೊಳ್ಳಿ. ಕೈಗೆ ಎಟುಕಿದರೆ ಒಬ್ಬ ಡೌಲಾ ಇರಲಿ. ಡೌಲಾ ಸೂಲಗಿತ್ತಿಯಲ್ಲ, ಹೆರಿಗೆ ಮಾಡಿಸುವುದಿಲ್ಲ. ಬಸುರಿಯ ಪಕ್ಷ ವಹಿಸಿ ಪಕ್ಕದಲ್ಲೇ ಇರುವ ತರಬೇತಿ ಪಡೆದ ಹೆಂಗಸು.

ಆಸ್ಪತ್ರೆಯ ಕೋಣೆಯಲ್ಲಿ

ಒಳಗೆ ಕಾಲಿಟ್ಟ ಕೂಡಲೇ ಸೊಸೆಯೇ ಒಂದು ಮಾತು ಹೇಳಬೇಕು: 'ಇವರ ಎದುರು ನನ್ನ ವಿಷಯ ಮಾತನಾಡಬಹುದು.' ಖಾಸಗಿತನದ ಕಾನೂನು ಅಲ್ಲಿ ಬಿಗಿ. ಈ ಮಾತು ಬಾರದೆ ಅತ್ತೆ ಎಂಬ ಅಧಿಕಾರಕ್ಕೆ ಅಲ್ಲಿ ಕವಡೆ ಕಾಸಿನ ಬೆಲೆಯಿಲ್ಲ. ನಿಮಗೆ ಇಂಗ್ಲಿಷ್ ತೊಡಕಾದರೆ ದುಭಾಷಿಯನ್ನು ಕೇಳಿ. ಫೋನಿನ ಮೂಲಕ, ಹಣವಿಲ್ಲದೆ ಒದಗಿಸುತ್ತಾರೆ.

ನೋವಿನ ವಿಷಯದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಕಣ್ಣಾರೆ ಕಂಡದ್ದು ಅದನ್ನೇ. ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕಪ್ಪುವರ್ಣೀಯರ ಚರ್ಮ ದಪ್ಪ ಎಂಬಂಥ ಸುಳ್ಳುಗಳಲ್ಲಿ ಒಂದನ್ನಾದರೂ ನಿಜವಿರಬಹುದೆಂದು ಒಪ್ಪಿದ ಬಿಳಿಯ ವೈದ್ಯಕೀಯ ವಿದ್ಯಾರ್ಥಿಗಳು ಮತ್ತು ಕಿರಿಯ ವೈದ್ಯರು ಸುಮಾರು ಅರ್ಧದಷ್ಟಿದ್ದರು. ಸಿಸೇರಿಯನ್ ಆದ ರಾತ್ರಿ ಸೊಸೆ 'ತುಂಬಾ ನೋಯುತ್ತಿದೆ' ಎಂದಳು. ಹೇಳುವಾಗ ಮುಗುಳ್ನಕ್ಕಳು, ಅದು ಅವಳ ಸೌಜನ್ಯ. ನರ್ಸ್ ದಿಂಬು ಸರಿಮಾಡಿ ಹೋದರು. ಬೀಗಿತ್ತಿ ಮಗಳ ಕಡೆ ಬಾಗಿ ಹೇಳಿದರು: 'ನೋವು ಎಷ್ಟು ಅಂತ ಹೇಳಬೇಡ. ಏನು ಮಾಡಲು ಆಗುತ್ತಿಲ್ಲ ಅಂತ ಹೇಳು.' ಮುಂದಿನ ಸಲ ಅವಳು, 'ಎಡಕ್ಕೆ ಹೊರಳಲು ಆಗುತ್ತಿಲ್ಲ, ಕೆಮ್ಮಲು ಆಗುತ್ತಿಲ್ಲ, ಮಗುವನ್ನು ಎತ್ತಲು ಆಗುತ್ತಿಲ್ಲ, ಎರಡು ಗಂಟೆಯಿಂದ ಹೀಗೇ ಇದೆ' ಎಂದಳು. ಹದಿನೈದು ನಿಮಿಷದಲ್ಲಿ ವೈದ್ಯರು ಬಂದು ಹೊಟ್ಟೆ ಮುಟ್ಟಿ ನೋಡಿದರು.

ಇನ್ನೊಂದು ವಿಷಯ ಹೇಳಲು ಸಂಕಟವಾಗುತ್ತದೆ. ಸೊಸೆ ಧ್ವನಿ ಏರಿಸಿದರೆ 'ಸಿಟ್ಟಿನ ಕಪ್ಪು ಹೆಂಗಸು' ಎಂಬ ಹಣೆಪಟ್ಟಿ ಸಿದ್ಧವಾಗಿರುತ್ತದೆ. ಅದೇ ಪ್ರಶ್ನೆಯನ್ನು ನನ್ನ ಮಗ ಕೇಳಿದಾಗ ಉತ್ತರ ಉದ್ದವಾಗಿ ಬಂತು. ಇದು ನ್ಯಾಯವಲ್ಲ. ಆದರೂ ಆ ರಾತ್ರಿ ಬೇಕಾದದ್ದು ಔಷಧ, ಆದ್ದರಿಂದ ಅವನೇ ಕೇಳಿದ. ನೀವು ಮಾತನಾಡುವಾಗ ಒಂದು ಎಚ್ಚರ ಇರಲಿ: ಆಕೆಯ ಪರವಾಗಿ ಮಾತನಾಡಿ, ಆಕೆಯ ಬದಲಿಗೆ ಬೇಡ. 'ಅವಳು ಹೇಳಿದ್ದು ಕೇಳಿಸಿತೇ?' ಎಂಬುದು ಒಳ್ಳೆಯ ಆರಂಭ.

ಪರೀಕ್ಷೆ ಬೇಡವೆಂದರೆ, ಚಿಕಿತ್ಸೆ ತಡವಾದರೆ, ಕಪ್ಪು ಮಹಿಳೆಯರು ಒಬ್ಬರಿಂದ ಒಬ್ಬರು ಕಲಿತು ಬಳಸುವ ವಾಕ್ಯ ಒಂದಿದೆ. ಅದನ್ನು ಕಂಠಪಾಠ ಮಾಡಿ: 'ನಾವು ಈ ಪರೀಕ್ಷೆ ಕೇಳಿದೆವು, ನೀವು ಬೇಡವೆಂದಿರಿ, ಕಾರಣ ಇಂಥದ್ದು ಎಂದು ದಯವಿಟ್ಟು ದಾಖಲೆಯಲ್ಲಿ ಬರೆಯಿರಿ.' ಜಗಳದ ಧ್ವನಿ ಬೇಡ, ಅಂಗಡಿಯಲ್ಲಿ ರಸೀದಿ ಕೇಳುವ ಧ್ವನಿ ಸಾಕು. ಬರೆದರೋ ಇಲ್ಲವೋ ಎಂಬುದನ್ನೂ ನೋಡಬಹುದು. 2021ರ ಏಪ್ರಿಲ್‌ನಿಂದ ಅಲ್ಲಿಯ ರೋಗಿಗಳು ವೈದ್ಯರ ಟಿಪ್ಪಣಿಗಳನ್ನು ತಡವಿಲ್ಲದೆ ಆನ್‌ಲೈನ್‌ನಲ್ಲಿ ಓದುವಂತೆ ಕಾನೂನು ಬಂದಿದೆ.

ಅದಕ್ಕೂ ಕದಲದಿದ್ದರೆ ಮೆಟ್ಟಿಲು ಹತ್ತಿ. ಪಾಳಿಯ ಮುಖ್ಯಸ್ಥೆಯಾದ ಚಾರ್ಜ್ ನರ್ಸ್, ಆಮೇಲೆ ಹೊಣೆ ಹೊತ್ತ ಹಿರಿಯ ವೈದ್ಯರು, ಆಮೇಲೆ ಆಸ್ಪತ್ರೆಯಲ್ಲೇ ರೋಗಿಗಳ ಪರ ನಿಲ್ಲಲು ನೇಮಿಸಿದ ಪೇಷಂಟ್ ಅಡ್ವೊಕೇಟ್. ಹಲವು ಆಸ್ಪತ್ರೆಗಳಲ್ಲಿ ತುರ್ತು ತಂಡವನ್ನು ಮನೆಯವರೇ ಕರೆಯಬಹುದು. ಸಂಖ್ಯೆ ಗೋಡೆಯ ಮೇಲಿರುತ್ತದೆ. ಹೋದ ದಿನವೇ ನೋಟ್‌ಬುಕ್‌ಗೆ ಇಳಿಸಿಕೊಳ್ಳಿ.

ಕಪ್ಪು ಚರ್ಮದ ಮೇಲೆ ಕಾಯಿಲೆ ಕಾಣುವ ಬಗೆ

ಇಲ್ಲಿ ಮಾತ್ರ ನಾನು ಬೀಗಿತ್ತಿಗೆ ಸಮನಾಗಿ ನಿಂತೆ. ಬಿಡುಗಡೆಯ ಕಾಗದದಲ್ಲಿ 'ಹೊಲಿಗೆಯ ಸುತ್ತ ಕೆಂಪಾದರೆ ಕರೆ ಮಾಡಿ' ಎಂದಿತ್ತು. ನನ್ನ ಅಕ್ಕನ ಮೈಬಣ್ಣ ಎಣ್ಣೆಗಪ್ಪು. ಅವಳ ಗಾಯ ಎಂದೂ ಕೆಂಪಾದದ್ದಿಲ್ಲ, ಕಡುನೇರಳೆಯೋ ಕಂದೋ ಆಗುತ್ತಿತ್ತು. ಆದ್ದರಿಂದ ಬಣ್ಣ ನೋಡುತ್ತಾ ಕೂರಬೇಡಿ, ಮುಟ್ಟಿ ನೋಡಿ: ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ, ಕೀವಿನ ವಾಸನೆ ಇದೆಯೇ. ರಕ್ತ ಕಡಿಮೆಯಾಗಿ ಬಿಳಿಚಿದ್ದು ತುಟಿಯ ಒಳಭಾಗ, ಒಸಡು, ಅಂಗೈಯಲ್ಲಿ ಗೊತ್ತಾಗುತ್ತದೆ. ಮಗುವಿನ ಕಾಮಾಲೆಗೆ ಕಣ್ಣಿನ ಬಿಳಿಭಾಗ ನೋಡಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೂಡ ಕಪ್ಪು ಚರ್ಮದ ಮೇಲೆ ಆಮ್ಲಜನಕವನ್ನು ಇದ್ದದ್ದಕ್ಕಿಂತ ಹೆಚ್ಚು ತೋರಿಸಬಲ್ಲದು. ಆಮ್ಲಜನಕದ ಕೊರತೆ ಯಂತ್ರದ ಕಣ್ಣು ತಪ್ಪಿಸಿಕೊಂಡ ಪ್ರಸಂಗ ಕಪ್ಪು ರೋಗಿಗಳಲ್ಲಿ ಬಿಳಿಯರ ಸುಮಾರು ಮೂರು ಪಟ್ಟು ಎಂದು 2020ರಲ್ಲಿ ಗೊತ್ತಾಯಿತು. ಯಂತ್ರ 96 ಎಂದರೂ ಆಕೆ ಉಸಿರಾಡಲು ಕಷ್ಟ ಎಂದರೆ ಆಕೆಯನ್ನು ನಂಬಿ. ನಮ್ಮಲ್ಲಿ ಕಪ್ಪಗಿರುವ ಎಲ್ಲರಿಗೂ ಈ ಮಾತು ಸಲ್ಲುತ್ತದೆ.

ಮನೆಗೆ ಬಂದ ಮೇಲೆ: ನನ್ನ ತಪ್ಪು

ಅಮೆರಿಕದಲ್ಲಿ ಹೆರಿಗೆಯ ಕಾರಣದಿಂದ ಆಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಡೆಯುವುದು ಹೆರಿಗೆಯಾಗಿ ಒಂದು ವಾರ ಕಳೆದ ಮೇಲೆ, ವರ್ಷ ತುಂಬುವುದರೊಳಗೆ. ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಸಾವುಗಳನ್ನು ತಡೆಯಬಹುದಿತ್ತು. ಎಂದರೆ ಬಾಣಂತಿ ನಮ್ಮ ಕೈಯಲ್ಲಿರುವ ದಿನಗಳೇ ಅಪಾಯದ ದಿನಗಳು.

ಒಂಬತ್ತನೆಯ ದಿನ ಸಂಜೆ ಸೊಸೆ ತಲೆನೋವು ಎಂದಳು. 'ಬಾಣಂತಿಗೆ ಗಾಳಿ ಸೋಕಿದೆ' ಎಂದು ನಾನು ಕಿವಿಗೆ ಹತ್ತಿಯಿಟ್ಟು ತಲೆಗೆ ಬಟ್ಟೆ ಕಟ್ಟಿದೆ, ಶುಂಠಿ ಕಷಾಯ ಕೊಟ್ಟೆ. ಅವಳು ಬೇಡವೆನ್ನದೆ ಕುಡಿದಳು, 'ಥ್ಯಾಂಕ್ಯೂ ಅತ್ತೆ' ಎಂದಳು. ಎಂಟು ಗಂಟೆಗೆ ಚರ್ಚಿನಿಂದ ಬಂದ ಬೀಗಿತ್ತಿ ಚಪ್ಪಲಿಯನ್ನೂ ಬಿಡದೆ ತೋಳಿಗೆ ಪಟ್ಟಿ ಸುತ್ತಿದರು. 164/110. ನನ್ನ ಕಷಾಯದ ಲೋಟ ಇನ್ನೂ ಮಂಚದ ಪಕ್ಕದಲ್ಲಿತ್ತು. ತುರ್ತು ವಿಭಾಗದಲ್ಲಿ ಬಾಯಿ ತೆರೆದ ಕೂಡಲೇ ಅವರು ಹೇಳಿದ ಮೊದಲ ವಾಕ್ಯ 'ಹೆರಿಗೆಯಾಗಿ ಒಂಬತ್ತು ದಿನ', ಎರಡನೆಯದು ಬಿಪಿ ಅಂಕಿ. ಬರಿಯ ತಲೆನೋವು ಎಂದಿದ್ದರೆ ಸಾಲಿನಲ್ಲಿ ಕೂರಿಸುತ್ತಿದ್ದರು. ಆ ರಾತ್ರಿ ಫಿಟ್ಸ್ ಬರದಂತೆ ಮೆಗ್ನೀಸಿಯಂ ಡ್ರಿಪ್ ಹಾಕಿದರು. ಎರಡು ದಿನ ಇದ್ದು ಬಂದೆವು.

ವೈದ್ಯರು ಮಾತು ಕೇಳುವುದಿಲ್ಲ ಎಂದು ಇಷ್ಟು ಬರೆದೆನಲ್ಲ, ಆ ಸಂಜೆ ಕೇಳದೆ ಹೋದವಳು ನಾನು. 'ಬಾಣಂತಿಗೆ ಇದೆಲ್ಲ ಇದ್ದದ್ದೇ' ಎಂಬ ಮಾತನ್ನು ಪೆಟ್ಟಿಗೆ ಕಟ್ಟುವಾಗಲೇ ಮೈಸೂರಿನಲ್ಲಿ ಬಿಟ್ಟುಹೋಗಿ. ನೀರು ಕಡಿಮೆ ಕೊಡುವ, ತಿಂಗಳುಗಟ್ಟಲೆ ಮಂಚದಲ್ಲೇ ಮಲಗಿಸುವ ಹಳೆಯ ಪದ್ಧತಿಯನ್ನೂ ಅಷ್ಟೇ. ಹೆಪ್ಪುಗಟ್ಟುವ ಅಪಾಯವಿರುವ ರಕ್ತಕ್ಕೆ ಅವೆರಡೂ ಆಗದು. ಅಂಟಿನುಂಡೆ, ಎಣ್ಣೆ ತಿಕ್ಕುವುದು, ರಾತ್ರಿ ಮಗುವನ್ನು ಎತ್ತಿಕೊಂಡು ತಾಯಿಗೆ ನಿದ್ದೆ ಕೊಡುವುದು, ಇವೆಲ್ಲ ಇರಲಿ. ಸೊಸೆಯ ಗೆಳತಿಯರು ಈ ನಿದ್ದೆಯ ಭಾಗವನ್ನು ಕೇಳಿ ಹೊಟ್ಟೆಕಿಚ್ಚು ಪಟ್ಟರು.

ಬಿಪಿಯನ್ನು ದಿನಕ್ಕೆ ಎರಡು ಬಾರಿ ನೋಡಿ. ಐದು ನಿಮಿಷ ಸುಮ್ಮನೆ ಕುಳಿತು, ಬೆನ್ನಿಗೆ ಆಸರೆ, ತೋಳು ಎದೆಯ ಮಟ್ಟಕ್ಕೆ. ಪಟ್ಟಿ ತೋಳಿನ ಅಳತೆಯದಿರಬೇಕು. ಚಿಕ್ಕದಾದರೆ ಅಂಕಿ ಹೆಚ್ಚು ತೋರಿಸುತ್ತದೆ, ದೊಡ್ಡದಾದರೆ ಕಡಿಮೆ. 140/90 ದಾಟಿದರೆ ವೈದ್ಯರಿಗೆ ಫೋನ್, 160/110 ಮುಟ್ಟಿದರೆ ನೇರ ಆಸ್ಪತ್ರೆಗೆ. ಬಿಡದ ತಲೆನೋವು, ಕಣ್ಣು ಮಂಜು, ಮುಖ ಮತ್ತು ಕೈ ಊತ, ಎದೆನೋವು, ಉಸಿರಾಟದ ತೊಂದರೆ, ಒಂದೇ ಕಾಲಿನ ಊತ ಮತ್ತು ನೋವು, 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ, ಗಂಟೆಗೊಂದು ಪ್ಯಾಡ್ ತೋಯುವ ರಕ್ತಸ್ರಾವ, ಕೋಳಿಮೊಟ್ಟೆ ಗಾತ್ರದ ಹೆಪ್ಪು: ಇದರಲ್ಲಿ ಯಾವುದನ್ನು ಕಂಡರೂ ಬೆಳಗಾಗಲಿ ಎನ್ನಬೇಡಿ. ಮನಸ್ಸು ಕುಗ್ಗಿದ್ದರೆ, ಬದುಕು ಬೇಡವೆನಿಸುತ್ತಿದ್ದರೆ, ಅಮೆರಿಕದಲ್ಲಿ ತಾಯಂದಿರಿಗೆಂದೇ ಹಗಲೂ ರಾತ್ರಿಯೂ ಉಚಿತ ಸಹಾಯವಾಣಿ ಇದೆ: 1-833-852-6262. ವರ್ಷ ತುಂಬುವವರೆಗೂ, ಎಲ್ಲಿಗೆ ಹೋದರೂ ಮೊದಲ ವಾಕ್ಯ ಹೆರಿಗೆಯದೇ ಆಗಿರಲಿ.

ಹೆರಿಗೆಯಾಚೆಗೆ

ಬೀಗಿತ್ತಿಯ ನೋಟ್‌ಬುಕ್ ಅಭ್ಯಾಸ ಶುರುವಾದದ್ದು ಅವರ 41ನೆಯ ವಯಸ್ಸಿನಲ್ಲಿ. ತಿಂಗಳಿಗೆ ಹತ್ತು ದಿನ ರಕ್ತ ಹೋಗುತ್ತಿತ್ತು. ಐವತ್ತರೊಳಗೆ ಕಪ್ಪು ಮಹಿಳೆಯರಲ್ಲಿ ಶೇ 80ಕ್ಕೂ ಹೆಚ್ಚು ಮಂದಿಗೆ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ ಬರುತ್ತದೆ. ಬಿಳಿಯರಿಗಿಂತ ಬೇಗ, ದೊಡ್ಡದಾಗಿ. ಗರ್ಭಕೋಶ ತೆಗೆಯುವುದೊಂದೇ ದಾರಿ ಎಂದು ಮೊದಲ ವೈದ್ಯರು ಹೇಳಿದರಂತೆ. ಅವರ ಅಜ್ಜಿಯ ಕಾಲದಲ್ಲಿ ದಕ್ಷಿಣದ ಕಪ್ಪು ಹೆಂಗಸರ ಗರ್ಭಕೋಶವನ್ನು ಕೇಳದೆಯೇ ತೆಗೆಯುತ್ತಿದ್ದರು. 1961ರಲ್ಲಿ ಮಿಸಿಸಿಪ್ಪಿಯ ಹೋರಾಟಗಾರ್ತಿ ಫ್ಯಾನಿ ಲೂ ಹೇಮರ್ ಒಂದು ಗಡ್ಡೆ ತೆಗೆಸಲು ಹೋಗಿ ಗರ್ಭಕೋಶ ಕಳೆದುಕೊಂಡು ಬಂದಿದ್ದರು. ಬೀಗಿತ್ತಿ ಎರಡನೆಯ ಅಭಿಪ್ರಾಯ ಕೇಳಿದರು. ಗಡ್ಡೆಯನ್ನಷ್ಟೇ ತೆಗೆಯುವುದು, ಅದಕ್ಕೆ ಹೋಗುವ ರಕ್ತನಾಳ ಮುಚ್ಚಿ ಕುಗ್ಗಿಸುವುದು, ಔಷಧ, ಹೀಗೆ ಇನ್ನೂ ಮೂರು ದಾರಿ ತಿಳಿದವು, ರಕ್ತನಾಳ ಮುಚ್ಚಿಸಿಕೊಂಡರು. 'ಇದಲ್ಲದೆ ಬೇರೆ ಏನಿದೆ? ಏನೂ ಮಾಡದಿದ್ದರೆ ಏನಾಗುತ್ತದೆ?' ಎಂಬ ಎರಡು ಪ್ರಶ್ನೆಗಳು ಅವರ ಪುಸ್ತಕದ ಹಿಂದಿನ ರಟ್ಟಿನ ಮೇಲೆ ಇಂದಿಗೂ ಇವೆ.

ಸ್ತನ ಕ್ಯಾನ್ಸರ್ ಕಪ್ಪು ಮಹಿಳೆಯರಿಗೆ ಬಿಳಿಯರಿಗಿಂತ ತುಸು ಕಡಿಮೆ ಬರುತ್ತದೆ, ಆದರೆ ಅದರಿಂದ ಸಾಯುವ ಪ್ರಮಾಣ ಶೇ 40ರ ಆಸುಪಾಸು ಹೆಚ್ಚು. 40ನೆಯ ವಯಸ್ಸಿನಿಂದ ಮ್ಯಾಮೊಗ್ರಾಂ ಎಂಬ ಸ್ತನದ ಎಕ್ಸ್‌ರೇ, ಮನೆತನದಲ್ಲಿ ಇದ್ದರೆ ಇನ್ನೂ ಮೊದಲೇ ವೈದ್ಯರೊಡನೆ ಮಾತು. ಕೂದಲು ನೇರವಾಗಿಸುವ ರಾಸಾಯನಿಕಗಳನ್ನು ಪದೇಪದೇ ಬಳಸಿದವರಲ್ಲಿ ಗರ್ಭಕೋಶದ ಕ್ಯಾನ್ಸರ್ ಎರಡು ಪಟ್ಟಿಗೂ ಹೆಚ್ಚು ಕಂಡಿತೆಂದು 2022ರಲ್ಲಿ ಅಲ್ಲಿಯ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಅಧ್ಯಯನ ಹೇಳಿತು. ಸೊಸೆಯ ಗುಂಗುರು ಕೂದಲನ್ನು ನೋಡಿ 'ನೇರ ಮಾಡಿಸಿದರೆ ಚೆಂದ' ಎನ್ನುವ ನಮ್ಮ ಕಡೆಯ ನೆಂಟರಿಗೆ ಇದನ್ನು ತಿಳಿಸುವುದು ಅತ್ತೆಯ ಕೆಲಸ.

ದೂರು, ವಿಶ್ರಾಂತಿ

ಜನಾಂಗದ ಕಾರಣಕ್ಕೆ ತಾರತಮ್ಯವಾಯಿತು ಎನಿಸಿದರೆ ಅಮೆರಿಕದ ಕೇಂದ್ರ ಆರೋಗ್ಯ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿಗೆ 180 ದಿನದೊಳಗೆ ದೂರು ಕೊಡಬಹುದು. ಅದಕ್ಕೆ ಬೇಕಾದ ತಾರೀಖು, ಗಂಟೆ, ಹೆಸರುಗಳೆಲ್ಲ ನೋಟ್‌ಬುಕ್‌ನಲ್ಲೇ ಇರುತ್ತವೆ.

ವಿಶ್ರಾಂತಿಯ ವಿಷಯ ಅದಕ್ಕಿಂತ ಕಷ್ಟ. ಕಪ್ಪು ಹೆಂಗಸು ಎಂದರೆ ಕಲ್ಲಿನಂತೆ ಗಟ್ಟಿ ಎಂಬ ಹೊಗಳಿಕೆಯನ್ನು ಹೊತ್ತು ಹೊತ್ತೇ ಬಸವಳಿದವರು ಅವರು. 1983ರಲ್ಲಿ ಇದೇ ಅಟ್ಲಾಂಟಾದ ಸ್ಪೆಲ್ಮನ್ ಕಾಲೇಜಿನಲ್ಲಿ ಬಿಲ್ಲಿ ಏವರಿ ಎಂಬಾಕೆ ಕಪ್ಪು ಮಹಿಳೆಯರ ಆರೋಗ್ಯದ ಮೊದಲ ರಾಷ್ಟ್ರೀಯ ಸಮ್ಮೇಳನ ನಡೆಸಿದರು. ಒಟ್ಟಿಗೆ ಕುಳಿತು ತಮ್ಮ ಮೈಮನಸ್ಸಿನ ವಿಷಯ ಬಾಯಿಬಿಟ್ಟು ಹೇಳಿಕೊಳ್ಳುವ ಗುಂಪುಗಳು ಅಲ್ಲಿಂದ ಊರೂರಿಗೆ ಹಬ್ಬಿದವು. ಬೀಗಿತ್ತಿಯ ಚರ್ಚಿನಲ್ಲೂ ಗುರುವಾರದ ಗುಂಪೊಂದಿದೆ. ನಡೆಯುತ್ತಾರೆ, ಹರಟುತ್ತಾರೆ, ಕೊನೆಗೆ ಒಬ್ಬರ ಬಿಪಿ ಇನ್ನೊಬ್ಬರು ನೋಡುತ್ತಾರೆ. ಯಾರಾದರೂ ವೈದ್ಯರಲ್ಲಿಗೆ ಹೊರಟರೆ ಜೊತೆಗೆ ಯಾರು ಎಂಬುದು ಅಲ್ಲೇ ತೀರ್ಮಾನವಾಗುತ್ತದೆ.

ನಾನು ಹೊರಡುವ ಹಿಂದಿನ ದಿನ ಬೀಗಿತ್ತಿ ನನ್ನ ತೋಳಿಗೂ ಪಟ್ಟಿ ಸುತ್ತಿದರು. 152/94. ವಿಮಾನದ ಗಾಬರಿ ಎಂದೆ. ಐದು ನಿಮಿಷ ಕೂರಿಸಿ ಮತ್ತೆ ನೋಡಿದರು. 150/92. ಕೊನೆಯ ಬಾರಿ ಯಾವಾಗ ತೋರಿಸಿಕೊಂಡಿರಿ, ಯಾರಿಗೆ ತೋರಿಸಿದಿರಿ, ಅವರು ಏನೆಂದರು ಎಂದು ಕೇಳಿ ಬರೆದುಕೊಂಡರು. ಮೂರಕ್ಕೂ ನನ್ನ ಬಳಿ ಸರಿಯಾದ ಉತ್ತರವಿರಲಿಲ್ಲ. ಪುಟ ಹರಿದು ಕೈಗಿಟ್ಟರು, ಪೆಟ್ಟಿಗೆಯಲ್ಲಿ ಖಾಲಿಯಾದ ಮೆಂತ್ಯದ ಡಬ್ಬಿಯ ಜಾಗಕ್ಕೆ ಹೊಸದೊಂದು ನೋಟ್‌ಬುಕ್ ತುರುಕಿದರು.